ಕವಡೆ ಕಾಸಿಗೆ ಮನುಷ್ಯ: ಡಹೋಮಿಯ ರಾಜ ಗೆಜೊ ಮತ್ತು ನಮ್ಮ ಊರಿನ ಮೂಲದಾಳು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಇದ್ದ ಹಾಗೇ ಉಳಿಸಿಕೊಳ್ಳಲಾಗಿದೆ.)



ಒಂದು ಮಾತಿಂದ ಶುರು ಮಾಡೋಣ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ.’ ಯಾರಿಗೋ ಸಿಟ್ಟಲ್ಲಿ ಹೇಳಿರ್ತೇವೆ, ಇಲ್ಲಾಂದ್ರೆ ಯಾರಿಂದಲೋ ಹೇಳಿಸಿಕೊಂಡಿರ್ತೇವೆ. ಕವಡೆ ಗೊತ್ತಲ್ಲ? ನಮ್ಮ ಗುರುವಾಯನಕೆರೆ, ಬೆಳ್ತಂಗಡಿ ಕಡೆ ಪ್ರಶ್ನೆ ಇಡ್ಲಿಕ್ಕೆ ಹೋದರೆ ಜೋಯಿಸರ ಮುಂದೆ ಮಣೆ ಮೇಲೆ ಇರ್ತದಲ್ಲ, ಬೆಳ್ಳಗೆ ಹೊಳೆಯುವ ಪುಟ್ಟ ಚಿಪ್ಪು, ಅದೇ. ಇವತ್ತು ಅದಕ್ಕೆ ಕಿಮ್ಮತ್ತಿಲ್ಲ, ಒಪ್ಪುವ. ಆದರೆ ಒಂದು ಕಾಲದಲ್ಲಿ ಅದೇ ಚಿಪ್ಪು ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಅದರ ಮೇಲೆ ಒಂದು ರಾಜ್ಯವೇ ನಿಂತಿತ್ತು.

ಇವತ್ತಿನ ಕಥೆ ಆ ರಾಜ್ಯದ್ದು. ಪಶ್ಚಿಮ ಆಫ್ರಿಕಾದ ಡಹೋಮಿ, ಅದರ ರಾಜ ಗೆಜೊ. ಅದರ ಜೊತೆ ಇನ್ನೊಂದು ಶಬ್ದವನ್ನೂ ನೆನಪಲ್ಲಿ ಇಟ್ಟುಕೊಳ್ಳಿ. ನಾನು ಸಣ್ಣವನಿದ್ದಾಗ ಅಜ್ಜಿ ಹಳೇ ಗದ್ದೆ ಕೆಲಸದ ಕಥೆ ಹೇಳುವಾಗ ‘ನಮ್ಮ ಮೂಲದಾಳುಗಳು’ ಅಂತಿದ್ದರು. ಮೂಲ ಅಂದರೆ ಹಿಂದಿನಿಂದ ಇದ್ದವರು, ಮನೆಯವರ ಹಾಗೆ, ಏನೋ ಗೌರವದ ಶಬ್ದ ಅಂದುಕೊಂಡಿದ್ದೆ. ಆ ಶಬ್ದಕ್ಕೆ ಕೊನೆಗೆ ಬರ್ತೇನೆ.

ಸಿನಿಮಾದ ರಾಜ, ಚರಿತ್ರೆಯ ರಾಜ

2022ರಲ್ಲಿ ಬಂದ ‘ದಿ ವುಮನ್ ಕಿಂಗ್’ ಸಿನಿಮಾ ನೋಡಿದ್ದೀರಾ? ವಯೋಲಾ ಡೇವಿಸ್ ಹೆಣ್ಣು ಸೈನಿಕರ ದಂಡನಾಯಕಿ. ಆ ಸಿನಿಮಾದ ಯುವರಾಜನಂಥ ರಾಜನೇ ಈ ಗೆಜೊ. ಕಥೆ ನಡೆಯುವುದು 1823ರಲ್ಲಿ. ಕೊನೆಗೆ ರಾಜನ ಮನಸ್ಸು ಬದಲಾಗ್ತದೆ, ಗುಲಾಮರನ್ನು ಮಾರುವುದು ಬೇಡ, ತಾಳೆ ಎಣ್ಣೆ ಮಾರುವ ಅಂತ ತೀರ್ಮಾನಿಸ್ತಾನೆ. ನೋಡಿದವರಿಗೆ ಸಮಾಧಾನ.

ಸಿನಿಮಾದಲ್ಲಿ ನಿಜ ಇಲ್ಲ ಅಂತ ಅಲ್ಲ. ಹೆಣ್ಣು ಸೈನಿಕರು ನಿಜ. ಗೆಜೊನ ಕಾಲದಲ್ಲೇ ಆ ಪಡೆ ಸಾವಿರಗಳ ಲೆಕ್ಕಕ್ಕೆ ಬೆಳೆದದ್ದು. ಪಕ್ಕದ ಒಯೊ ಸಾಮ್ರಾಜ್ಯಕ್ಕೆ ವರ್ಷವರ್ಷ ಕಪ್ಪ ಕೊಡುವುದನ್ನು ಅವನು ನಿಲ್ಲಿಸಿದ್ದೂ ನಿಜ. ಆದರೆ ಮನುಷ್ಯರ ಮಾರಾಟವನ್ನು ಅವನು ಆಗ ಬಿಡಲಿಲ್ಲ. 1818ರಿಂದ 1858ರ ತನಕ ನಲವತ್ತು ವರ್ಷ ಆಳಿದ, ಅದರಲ್ಲಿ ಹೆಚ್ಚಿನ ಕಾಲ ಮಾರುತ್ತಲೇ ಇದ್ದ.

ಈ ಸಿನಿಮಾ ಬಂದಾಗ ಕಮೆಂಟುಗಳಲ್ಲಿ ಒಂದು ವಾದ ಜೋರಾಗಿತ್ತು. ‘ಬಿಳಿಯರನ್ನು ಯಾಕೆ ಬೈತೀರಿ? ಆಫ್ರಿಕಾದವರು ತಮ್ಮವರನ್ನೇ ಮಾರಿದರಲ್ಲ?’ ಇದನ್ನು ಸ್ವಲ್ಪ ನಿಧಾನವಾಗಿ ನೋಡುವ. ಯಾಕೆಂದರೆ ಈ ಪ್ರಶ್ನೆ ಸುತ್ತಿ ಸುತ್ತಿ ನಮ್ಮ ಅಂಗಳಕ್ಕೇ ಬರ್ತದೆ.

ಕವಡೆ ಹೋದ ದಾರಿ

ಮೊದಲು ಕವಡೆ. ಇದು ಹೆಚ್ಚಾಗಿ ಸಿಗುತ್ತಿದ್ದದ್ದು ಮಾಲ್ಡೀವ್ಸ್ ದ್ವೀಪಗಳಲ್ಲಿ. ಅಲ್ಲಿನವರು ತೆಂಗಿನ ಮಡಲುಗಳನ್ನು ತಗ್ಗು ನೀರಿನಲ್ಲಿ ಬಿಡುತ್ತಿದ್ದರು. ಕವಡೆ ಹುಳ ಮಡಲಿಗೆ ಅಂಟಿಕೊಳ್ಳುತ್ತಿತ್ತು. ಎಳೆದು ತಂದು ಮರಳಲ್ಲಿ ಹೂತರೆ ಒಳಗಿನ ಮಾಂಸ ಕೊಳೆತು ಹೋಗಿ ಚಿಪ್ಪು ಮಾತ್ರ ಉಳಿಯುತ್ತಿತ್ತು. ಅದನ್ನು ತೊಳೆದರೆ ಹಣ ತಯಾರು. ಎಣಿಸಲಿಕ್ಕೆ ಸುಲಭ, ಸವೆಯುವುದಿಲ್ಲ, ಖೋಟಾ ಮಾಡಲಿಕ್ಕೂ ಆಗುವುದಿಲ್ಲ.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನ ಹೆಸರು ಶಾಲೆಯಲ್ಲಿ ಓದಿರ್ತೀರಿ. ಅವನು 1340ರ ದಶಕದಲ್ಲಿ ನಮ್ಮ ಮಂಗಳೂರಿಗೂ ಬಂದಿದ್ದ, ಆಮೇಲೆ ಮಾಲ್ಡೀವ್ಸ್‌ಗೂ ಹೋಗಿದ್ದ. ಅಲ್ಲಿ ಕವಡೆ ತುಂಬಿದ ಹಡಗು ಬಂಗಾಳಕ್ಕೆ ಹೋಗುವುದನ್ನು ಕಂಡ. ಹತ್ತು ವರ್ಷದ ಒಳಗೆ ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯಕ್ಕೆ ಹೋದರೆ ಅಲ್ಲಿ ಪೇಟೆಯಲ್ಲಿ ಅದೇ ಕವಡೆ ನಡೆಯುತ್ತಿತ್ತು. ಅಂದರೆ ಯುರೋಪಿನವರು ಬರುವ ಮೊದಲೇ ನಮ್ಮ ಕಡಲಿನ ಚಿಪ್ಪು ಮರುಭೂಮಿ ದಾಟಿ ಅಲ್ಲಿಗೆ ಮುಟ್ಟಿತ್ತು.

ಡಚ್ಚರು, ಇಂಗ್ಲಿಷರು ಈ ವ್ಯಾಪಾರದ ಗುಟ್ಟು ಹಿಡಿದರು. ಬಂಗಾಳ ಮತ್ತು ಸಿಲೋನಿನಲ್ಲಿ ಕವಡೆ ಕೊಂಡು, ಹಡಗು ಅಲುಗಾಡದ ಹಾಗೆ ತಳದ ಭಾರಕ್ಕೆ ತುಂಬಿಸಿ, ಆಮ್‌ಸ್ಟರ್‌ಡಾಮ್ ಮತ್ತು ಲಂಡನ್ನಿಗೆ ಒಯ್ದರು. ಅಲ್ಲಿ ಹರಾಜು. ಹರಾಜಿನಲ್ಲಿ ಕೊಂಡವರು ಅದನ್ನು ಪಶ್ಚಿಮ ಆಫ್ರಿಕಾದ ಕರಾವಳಿಗೆ ತಂದು ಮನುಷ್ಯರನ್ನು ಕೊಂಡರು. 1700ರಿಂದ 1790ರ ಒಳಗೆ ಇವರಿಬ್ಬರು ಸಾಗಿಸಿದ ಕವಡೆ ಹನ್ನೊಂದು ಸಾವಿರ ಟನ್ನಿಗಿಂತ ಹೆಚ್ಚು. ಎಣಿಸಿದರೆ ಸುಮಾರು ಸಾವಿರ ಕೋಟಿ ಚಿಪ್ಪು! ಅದರ ಜೊತೆಗೆ ಬಂದೂಕು, ಹೊಗೆಸೊಪ್ಪು, ಸಾರಾಯಿ. ಮತ್ತೆ ಬಟ್ಟೆ. ಆ ಬಟ್ಟೆಯಲ್ಲಿ ಗುಜರಾತು, ಕೋರಮಂಡಲದ ನೇಕಾರರ ಕೈಕೆಲಸವೂ ಬೇಕಾದಷ್ಟಿತ್ತು.

ನೋಡಿ, ಅಟ್ಲಾಂಟಿಕ್ ಗುಲಾಮ ವ್ಯಾಪಾರ ಅಂದ ಕೂಡಲೇ ನಮಗೂ ಅದಕ್ಕೂ ಏನು ಸಂಬಂಧ ಅನಿಸ್ತದೆ. ಆದರೆ ಅದು ನಡೆದದ್ದು ನಮ್ಮ ಸಮುದ್ರದ ಹಣದಲ್ಲಿ.

ಡಹೋಮಿ ಒಳನಾಡಿನ ರಾಜ್ಯ, ಈಗಿನ ಬೆನಿನ್ ದೇಶದಲ್ಲಿದೆ. ರಾಜಧಾನಿ ಅಬೊಮೆ. ಅಗಾಜಾ ಅನ್ನುವ ರಾಜ 1727ರಲ್ಲಿ ವಿದಾ ಬಂದರನ್ನು ಗೆದ್ದ. ಅಲ್ಲಿಂದ ಕಡಲಿನ ಬಾಗಿಲು ಕೈಗೆ ಸಿಕ್ಕಿತು. ಆಫ್ರಿಕಾದಿಂದ ಒಟ್ಟು ಸುಮಾರು 1.25 ಕೋಟಿ ಜನರನ್ನು ಅಟ್ಲಾಂಟಿಕ್ ಹಡಗುಗಳಿಗೆ ತುಂಬಿದರು. ಅವರಲ್ಲಿ ಸುಮಾರು 18 ಲಕ್ಷ ಜನ ದಡ ಕಾಣದೆ ದಾರಿಯಲ್ಲೇ ಸತ್ತರು. ವಿದಾ ಒಂದೇ ಬಂದರಿನಿಂದ ಹೋದವರು ಸುಮಾರು ಹತ್ತು ಲಕ್ಷ.

ಡಹೋಮಿಯಲ್ಲಿ ಕವಡೆಯನ್ನು ದಾರಕ್ಕೆ ಪೋಣಿಸುತ್ತಿದ್ದರು, ಒಂದು ದಾರಕ್ಕೆ ನಲವತ್ತು. ತೆರಿಗೆ ಕವಡೆಯಲ್ಲಿ, ಸಂತೆಯ ಸುಂಕ ಕವಡೆಯಲ್ಲಿ. ವರ್ಷದ ದೊಡ್ಡ ಉತ್ಸವದಲ್ಲಿ ರಾಜ ಎತ್ತರದ ಅಟ್ಟಣೆ ಹತ್ತಿ ಜನರ ಮೇಲೆ ಕವಡೆ ಎಸೆಯುತ್ತಿದ್ದ, ಜನ ಮುಗಿಬಿದ್ದು ಹೆಕ್ಕುತ್ತಿದ್ದರು. ಅದೇ ಉತ್ಸವದಲ್ಲಿ ಸೆರೆಯಾಳುಗಳ ಬಲಿಯೂ ನಡೆಯುತ್ತಿತ್ತು. ಕವಡೆ ಬಂದ ಹಾಗೆ ಅದರ ಬೆಲೆ ಇಳಿಯುತ್ತಾ ಹೋಯಿತು. ಶುರುವಿನಲ್ಲಿ ಒಬ್ಬ ಮನುಷ್ಯನಿಗೆ ಹತ್ತಾರು ಸಾವಿರ ಕವಡೆ, ಹದಿನೆಂಟನೇ ಶತಮಾನದ ಕೊನೆಗೆ ಲೆಕ್ಕ ಲಕ್ಷ ದಾಟಿತು.

ತಾಯಿಯನ್ನು ಕಳೆದುಕೊಂಡ ರಾಜ

ಈಗ ಗೆಜೊ. ಅವನ ಹಿಂದಿನ ರಾಜ ಅಡಂಡೊಜಾನ್. ಇವನು ಗೆಜೊನ ತಾಯಿ ಅಗೊಂಟಿಮೆಯನ್ನೇ ಗುಲಾಮಳಾಗಿ ಕಡಲಾಚೆ ಮಾರಿಬಿಟ್ಟ ಅಂತ ಅಬೊಮೆಯ ಪರಂಪರೆ ಹೇಳ್ತದೆ. ಅರಮನೆಯ ಹೆಂಗಸು, ರಾಜನ ಹೆಂಡತಿಯಾಗಿದ್ದವಳು, ಬ್ರೆಜಿಲ್ ಕಡೆಯ ಹಡಗಿಗೆ. ರಾಜನಾದ ಮೇಲೆ ಗೆಜೊ ಅವಳನ್ನು ಹುಡುಕಲಿಕ್ಕೆ ಜನ ಕಳಿಸಿದ ಅಂತಲೂ ಅದೇ ಪರಂಪರೆ ಹೇಳ್ತದೆ.

1818ರಲ್ಲಿ ಗೆಜೊ ದಂಗೆ ಎದ್ದು ಸಿಂಹಾಸನ ಹಿಡಿದ. ಸಹಾಯಕ್ಕೆ ನಿಂತವನು ಬ್ರೆಜಿಲ್‌ನಲ್ಲಿ ಹುಟ್ಟಿದ ಗುಲಾಮ ವ್ಯಾಪಾರಿ ಫ್ರಾನ್ಸಿಸ್ಕೊ ಫೆಲಿಕ್ಸ್ ಡಿ ಸೋಜಾ. ಗೆದ್ದ ಮೇಲೆ ಗೆಜೊ ಅವನಿಗೆ ‘ಚಾಚಾ’ ಅನ್ನುವ ಬಿರುದು ಕೊಟ್ಟು ವಿದಾ ಬಂದರಿನಲ್ಲಿ ಕೂರಿಸಿದ.

ತಾಯಿ ಮಾರಾಟವಾದ ಸಂಕಟ ಗೊತ್ತಿದ್ದವನು. ಅಂಥವನು ಬೇರೆಯವರ ತಾಯಂದಿರನ್ನು ಹೇಗೆ ಮಾರಿದ?

ಉತ್ತರದ ಒಂದು ಪಾಲು ಈ ‘ತಮ್ಮವರು’ ಅನ್ನುವ ಶಬ್ದದಲ್ಲೇ ಉಂಟು. ಗೆಜೊನಿಗೆ ‘ಆಫ್ರಿಕಾದವರು’ ಅಂತ ಒಂದು ಜನ ಇರಲಿಲ್ಲ. ಅವನ ಜನ ಫೋನ್. ಅವನು ಹಿಡಿದು ಮಾರಿದ್ದು ಹೆಚ್ಚಾಗಿ ಯುದ್ಧದಲ್ಲಿ ಸಿಕ್ಕ ಯೊರುಬಾ, ಮಹಿ ಜನರನ್ನು. ಅವನ ಲೆಕ್ಕದಲ್ಲಿ ಅವರು ತನ್ನವರಲ್ಲ. ಅವನ ತಾಯಿ ಮಾತ್ರ ತನ್ನವಳು. ಇನ್ನೊಂದು ಪಾಲು ರಾಜ್ಯದ ಲೆಕ್ಕ. ಬಂದೂಕು ಬೇಕಾದರೆ ಗುಲಾಮರನ್ನು ಕೊಡಬೇಕು, ಗುಲಾಮರು ಬೇಕಾದರೆ ಯುದ್ಧ ಮಾಡಬೇಕು, ಯುದ್ಧಕ್ಕೆ ಮತ್ತೆ ಬಂದೂಕು ಬೇಕು. ಬಿಟ್ಟರೆ ಪಕ್ಕದವರು ತನ್ನ ಜನರನ್ನೇ ಹಿಡಿದು ಮಾರಿಯಾರು.

ಇದು ಅವನ ಪರ ವಕಾಲತ್ತಲ್ಲ. ಅವನು ಸಿಕ್ಕಿಹಾಕಿಕೊಂಡವನೂ ಹೌದು, ಅದರಿಂದ ಲಾಭ ಮಾಡಿದವನೂ ಹೌದು. ಗುಲಾಮ ವ್ಯಾಪಾರ ಬಿಟ್ಟರೆ ವರ್ಷಕ್ಕಿಷ್ಟು ಹಣ ಕೊಡ್ತೇವೆ ಅಂತ ಬ್ರಿಟಿಷರು 1840ರ ದಶಕದಲ್ಲಿ ಹೇಳಿದರು. ಅವನ ಆದಾಯದ ಮುಂದೆ ಆ ಮೊತ್ತ ಏನೇನೂ ಅಲ್ಲ. ಅವನು ಒಪ್ಪಲಿಲ್ಲ.

ಒಂದು ಸಹಿ, ಮತ್ತೆ ತಾಳೆ ಎಣ್ಣೆ

1851ರಲ್ಲಿ ಗೆಜೊನ ಸೈನ್ಯ ಅಬೆಯೊಕುಟಾ ಪಟ್ಟಣದ ಮೇಲೆ ಬಿದ್ದು ಸೋತಿತು. ಅದೇ ವರ್ಷದ ಕೊನೆಗೆ ಬ್ರಿಟಿಷ್ ನೌಕಾಪಡೆ ಅವನ ಕರಾವಳಿಗೆ ದಿಗ್ಬಂಧನ ಹಾಕಿತು. 1852ರ ಜನವರಿಯಲ್ಲಿ ಗೆಜೊ ಒಪ್ಪಂದಕ್ಕೆ ಸಹಿ ಮಾಡಿದ. ಗುಲಾಮರ ರಫ್ತು ಬಂದ್, ಇನ್ನು ತಾಳೆ ಎಣ್ಣೆ. ಸಿನಿಮಾದಲ್ಲಿ ಮನಸ್ಸು ಬದಲಾಗಿ ಆದ ಕೆಲಸ, ಚರಿತ್ರೆಯಲ್ಲಿ ಮೂವತ್ತು ವರ್ಷ ತಡವಾಗಿ, ಯುದ್ಧನೌಕೆಗಳ ಎದುರು ಆಯಿತು.

ಸರಿ, ಆದರೆ ಆ ತಾಳೆ ಎಣ್ಣೆ ತೆಗೆದವರು ಯಾರು? ತಾಳೆ ಕಾಯಿ ಕೊಯ್ಯಬೇಕು, ಬೇಯಿಸಬೇಕು, ತುಳಿಯಬೇಕು, ಎಣ್ಣೆ ಹೊತ್ತು ಕಡಲಿಗೆ ಮುಟ್ಟಿಸಬೇಕು. ಆ ಕೆಲಸಕ್ಕೆ ಹಚ್ಚಿದ್ದು ಯುದ್ಧದ ಸೆರೆಯಾಳುಗಳನ್ನೇ. ಹಡಗಿಗೆ ಹೋಗಬೇಕಾದವರು ತೋಟಕ್ಕೆ ಹೋದರು, ಅಷ್ಟೇ. ಲಂಡನ್ನಿನ ಸಾಬೂನಿಗೆ, ಕಾರ್ಖಾನೆಯ ಯಂತ್ರಗಳಿಗೆ ಹೋದ ಎಣ್ಣೆಗೆ ‘ನ್ಯಾಯವಾದ ವ್ಯಾಪಾರ’ ಅಂತ ಹೆಸರು.

ಸಹಿಯೂ ಬಹಳ ದಿನ ಬಾಳಲಿಲ್ಲ. 1857ರ ಹೊತ್ತಿಗೆ ಗೆಜೊ ಮತ್ತೆ ಮಾರಲಿಕ್ಕೆ ಶುರು ಮಾಡಿದ. 1858ರಲ್ಲಿ ತೀರಿಕೊಂಡ. ಮಗ ಗ್ಲೆಲೆ ಮುಂದುವರಿಸಿದ. 1860ರಲ್ಲಿ ಗ್ಲೆಲೆಯ ಸೈನ್ಯ ಒಂದು ಯೊರುಬಾ ಊರಿನ ಮೇಲೆ ನಸುಕಿನಲ್ಲಿ ಬಿತ್ತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಹತ್ತೊಂಬತ್ತು ವರ್ಷ ಆಸುಪಾಸಿನ ಒಬ್ಬ ಹುಡುಗ, ಹೆಸರು ಕೊಸೊಲಾ. ವಿದಾದಿಂದ ‘ಕ್ಲೊಟಿಲ್ಡಾ’ ಹಡಗಿನಲ್ಲಿ ಸುಮಾರು 110 ಜನರ ಜೊತೆ ಅಮೆರಿಕದ ಅಲಬಾಮಾಕ್ಕೆ. ಅಮೆರಿಕದಲ್ಲಿ ಹೊರಗಿನಿಂದ ಗುಲಾಮರನ್ನು ತರುವುದು 1808ರಿಂದಲೇ ಕಾನೂನುಬಾಹಿರ. ಸಿಕ್ಕಿಬೀಳಬಾರದು ಅಂತ ಹಡಗಿಗೇ ಬೆಂಕಿ ಕೊಟ್ಟರು. ಅದರ ಅವಶೇಷ ಗುರುತಾದದ್ದು 2019ರಲ್ಲಿ.

ಕೊಸೊಲಾ 1935ರ ತನಕ ಬದುಕಿದ್ದ. 1927ರಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವನ ಎದುರು ಕೂತು ಅವನ ಕಥೆ ಬರೆದುಕೊಂಡರು. ಅದು ಪುಸ್ತಕವಾಗಿ ಬಂದದ್ದು 2018ರಲ್ಲಿ. ಈ ಹೆಸರನ್ನು ಸ್ವಲ್ಪ ನೆನಪಿಡಿ. ಹತ್ತು ಲಕ್ಷ ಜನರಲ್ಲಿ ಅವನ ಹೆಸರು, ಅವನ ಊರಿನ ನೆನಪು, ಅವನ ಮಾತು ನಮಗೆ ಉಳಿದಿದೆ.

1801, ಬೆಳ್ತಂಗಡಿ ದಾರಿ

ಈಗ ನಮ್ಮ ಊರಿಗೆ ಬರುವ. 1799ರಲ್ಲಿ ಟಿಪ್ಪು ಸತ್ತ. ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಹೊಸ ಆಸ್ತಿಯಲ್ಲಿ ಏನೇನು ಉಂಟು ಅಂತ ನೋಡಿ ಬರಲಿಕ್ಕೆ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1801ರಲ್ಲಿ ಅವನು ಮಂಗಳೂರಿನಿಂದ ಬಂಟ್ವಾಳಕ್ಕಾಗಿ ಬೆಳ್ತಂಗಡಿಗೆ ಬಂದ, ಜಮಲಾಬಾದ್ ಕೋಟೆ, ಅಂದರೆ ನಮ್ಮ ಗಡಾಯಿಕಲ್ಲು, ನೋಡಿದ. ಆಮೇಲೆ ವೇಣೂರು, ಮೂಡುಬಿದಿರೆ, ಕಾರ್ಕಳ. ಇವತ್ತು ಬೆಳ್ತಂಗಡಿಯಿಂದ ವೇಣೂರಿಗೆ ಹೋಗುವವರು ಗುರುವಾಯನಕೆರೆಯಲ್ಲಿ ತಿರುಗುತ್ತಾರಲ್ಲ, ಅದೇ ಸೀಮೆ.

ಅವನು ಎಲ್ಲವನ್ನೂ ಬರೆದುಕೊಂಡ. ಭತ್ತದ ತಳಿ, ಗೇಣಿ, ಅಡಕೆ, ಬಸದಿ. ಅದರ ಜೊತೆಗೆ ಗದ್ದೆಯಲ್ಲಿ ಕೆಲಸ ಮಾಡುವವರಲ್ಲಿ ಎರಡು ಬಗೆ ಅಂತ ಬರೆದ. ಕೂಲಿಯಾಳು, ಅಂದರೆ ಸಂಬಳಕ್ಕೆ ಬರುವವನು. ಇನ್ನೊಬ್ಬ ಮೂಲದಾಳು. ಅದಕ್ಕೆ ಅವನು ಕೊಟ್ಟ ಅರ್ಥ ಏನು ಗೊತ್ತುಂಟಾ? ಹಣ ಕೊಟ್ಟು ಕೊಂಡ ಮನುಷ್ಯ. ಗುಲಾಮ.

ನನ್ನ ಅಜ್ಜಿಯ ಬಾಯಲ್ಲಿದ್ದ ಶಬ್ದ.

ಬುಕಾನನ್‌ನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಬ್ರಿಟಿಷ್ ಪಾರ್ಲಿಮೆಂಟು ಅಟ್ಲಾಂಟಿಕ್ ಗುಲಾಮ ವ್ಯಾಪಾರವನ್ನು ನಿಷೇಧಿಸಿದ್ದೂ ಅದೇ 1807ರಲ್ಲಿ. ಒಂದೇ ನಗರ, ಒಂದೇ ವರ್ಷ. ಒಂದು ಕಡೆ ಆಫ್ರಿಕಾದ ಮನುಷ್ಯನನ್ನು ಮಾರಬಾರದು ಅಂತ ಕಾಯಿದೆ, ಇನ್ನೊಂದು ಕಡೆ ತಮ್ಮದೇ ಕಂಪನಿಯ ಹೊಸ ಜಿಲ್ಲೆಯಲ್ಲಿ ಕೊಂಡ ಮನುಷ್ಯರು ಇದ್ದಾರೆ ಅಂತ ಪುಸ್ತಕ.

1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡಿತು. ಒಡೆಯರಿಗೆ ಎರಡು ಕೋಟಿ ಪೌಂಡ್ ಪರಿಹಾರ, ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಆ ಕಾಯಿದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟರು. ಅಂದರೆ ನಮ್ಮನ್ನು.

ನಮ್ಮಲ್ಲಿ ಕಾನೂನು ಬಂದದ್ದು 1843ರಲ್ಲಿ. ಗುಲಾಮನ ಮೇಲೆ ಒಡೆತನ ಉಂಟು ಅನ್ನುವ ಯಾವ ವಾದವನ್ನೂ ಕೋರ್ಟು ಒಪ್ಪಬಾರದು, ತೆರಿಗೆ ಬಾಕಿಗೋ ಕೋರ್ಟಿನ ಡಿಕ್ರಿಗೋ ಗುಲಾಮ ಎನ್ನುವ ಕಾರಣಕ್ಕೆ ಯಾರನ್ನೂ ಸರಕಾರಿ ಅಧಿಕಾರಿ ಮಾರಬಾರದು. ಗುಲಾಮರನ್ನು ಇಟ್ಟುಕೊಳ್ಳುವುದು, ಕೊಳ್ಳುವುದು ಅಪರಾಧ ಆದದ್ದು 1860ರ ದಂಡಸಂಹಿತೆಯಲ್ಲಿ. ಕ್ಲೊಟಿಲ್ಡಾ ಹಡಗು ಹೊರಟ ಅದೇ ವರ್ಷ.

ಕಾನೂನು ಬಂತು, ಗದ್ದೆ ಹಾಗೇ ಇತ್ತು

ಗೆಜೊನ ಒಪ್ಪಂದದ ಮೇಲೆ ಏನಾಯಿತು? ಗುಲಾಮರು ತಾಳೆ ತೋಟಕ್ಕೆ ಹೋದರು. ಇಲ್ಲಿ ಏನಾಯಿತು? ಮೂಲದಾಳು ಸಾಲದಾಳು ಆದ. ಮದುವೆಗೆ ಅಂತ ಧಣಿಯಿಂದ ನಾಲ್ಕು ರೂಪಾಯಿ ಸಾಲ. ಅದು ತೀರುವ ತನಕ ದುಡಿಮೆ, ಅದು ತೀರುವುದೇ ಇಲ್ಲ. ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋದವರಿಗೆ ಕೈಯಲ್ಲಿ ಕೂಲಿ ಸಿಕ್ಕಿತು, ಊರಿನ ಧಣಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಆಯಿತು. ಆದರೆ ಅಲ್ಲೂ ಮೇಸ್ತ್ರಿ, ಮುಂಗಡ, ಮತ್ತೆ ಲೆಕ್ಕ.

ಜೀತ ನಿರ್ಮೂಲನೆ ಕಾಯಿದೆ ಬಂದದ್ದು 1976ರಲ್ಲಿ. 1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಎದ್ದು ನಿಂತದ್ದು ಅದರಿಂದಲೇ. ಆದರೆ ಗೇಣಿ ಚೀಟಿ ಇದ್ದವನಿಗೆ ಭೂಮಿ. ಮೂಲದಾಳಿನ ಮೊಮ್ಮಗನ ಕೈಯಲ್ಲಿ ಗೇಣಿ ಚೀಟಿ ಎಲ್ಲಿಂದ ಬರಬೇಕು?

ಇನ್ನೂ ಹತ್ತಿರದ ಸಂಗತಿ ಹೇಳ್ತೇನೆ. ಕೊರಗ ಸಮುದಾಯದವರನ್ನು ಕಂಬಳಕ್ಕೆ ಮೊದಲು ಕೋಣಗಳಿಗಿಂತ ಮುಂಚೆ ಓಡಿಸುವುದು, ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಇದಕ್ಕೆಲ್ಲ ಅಜಲು ಪದ್ಧತಿ ಅಂತ ಹೆಸರು. ಇದನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಮಾಡಿದ್ದು 2000ದಲ್ಲಿ. ನಿಮ್ಮಲ್ಲಿ ಕೆಲವರು ಹುಟ್ಟಿದ ಮೇಲೆ, ಮಾರಾಯ್ರೆ.

ಈಗ ಆ ಕಮೆಂಟಿಗೆ ವಾಪಸ್ ಬರುವ. ‘ಆಫ್ರಿಕಾದವರು ತಮ್ಮವರನ್ನೇ ಮಾರಿದರು.’ ಮೂಲದಾಳನ್ನು ಕೊಂಡವರು, ಮಾರಿದವರು ಯಾರು? ಅವರೂ ತುಳು ಮಾತಾಡುತ್ತಿದ್ದರು, ಕೊಂಡವನೂ ಕೊಂಡುಕೊಳ್ಳಲ್ಪಟ್ಟವನೂ ಒಂದೇ ಭೂತಕ್ಕೆ ಕೈಮುಗಿಯುತ್ತಿದ್ದರು. ಆದರೆ ಧಣಿಯ ಲೆಕ್ಕದಲ್ಲಿ ಆಳು ತನ್ನವನಲ್ಲ, ಗೆಜೊನ ಲೆಕ್ಕದಲ್ಲಿ ಯೊರುಬಾದವನು ತನ್ನವನಲ್ಲದ ಹಾಗೆ. ಗೆಜೊನನ್ನು ಬೈಯುವುದಿದ್ದರೆ ಬೈಯುವ, ಬೈಯಲೇಬೇಕು. ಆದರೆ ಅದೇ ಅಳತೆಕೋಲು ನಮ್ಮ ಮನೆಯ ಚಾವಡಿಗೂ ಹಿಡಿಯಬೇಕಾಗ್ತದೆ. ನನಗೆ ಕಷ್ಟ ಆದದ್ದು ಅಲ್ಲೇ. ಅಜ್ಜಿ ಕೆಟ್ಟವರಾಗಿರಲಿಲ್ಲ. ಆ ಆಳುಗಳಿಗೆ ಊಟ ಹಾಕಿದ ಕಥೆಯನ್ನು ಪ್ರೀತಿಯಿಂದಲೇ ಹೇಳ್ತಿದ್ದರು. ಆದರೆ ಆ ಶಬ್ದದ ಒಳಗೆ ಒಂದು ಕ್ರಯಚೀಟಿ ಉಂಟು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಕ್ಕೆ ಈಗ ಅವರಿಲ್ಲ.

ಹೆಸರು

ಡಹೋಮಿಯನ್ನು 1890ರ ದಶಕದಲ್ಲಿ ಫ್ರೆಂಚರು ಗೆದ್ದರು, ಅರಮನೆ ಕೊಳ್ಳೆ ಹೊಡೆದರು. 2021ರ ನವೆಂಬರಿನಲ್ಲಿ 26 ವಸ್ತುಗಳು ವಾಪಸ್ ಬಂದವು. ಗೆಜೊನ ಸಿಂಹಾಸನವೂ ಅದರಲ್ಲಿತ್ತು. ಬೆನಿನ್ ಜನ ಅದನ್ನು ನೋಡಲಿಕ್ಕೆ ಸಾಲುಗಟ್ಟಿ ನಿಂತರು.

ಆದರೆ ಅದೇ ದೇಶ ಇನ್ನೊಂದು ಕೆಲಸವನ್ನೂ ಮಾಡಿದೆ. 1999ರಲ್ಲಿ ಅದರ ಅಧ್ಯಕ್ಷ ಮ್ಯಾಥ್ಯೂ ಕೆರೆಕು ಅಮೆರಿಕದ ಬಾಲ್ಟಿಮೋರಿಗೆ ಹೋಗಿ, ಮಾರಾಟದಲ್ಲಿ ತಮ್ಮವರ ಪಾಲಿಗೆ ಕ್ಷಮೆ ಕೇಳಿದರು. ವಿದಾದ ಕಡಲ ದಂಡೆಯಲ್ಲಿ, ಜನರನ್ನು ಹಡಗಿಗೆ ತುಂಬಿದಲ್ಲಿ, ‘ಮರಳಿ ಬಾರದ ಬಾಗಿಲು’ ಅಂತ ಒಂದು ಸ್ಮಾರಕ ನಿಂತಿದೆ. 2024ರಲ್ಲಿ, ಹೀಗೆ ಮಾರಾಟವಾಗಿ ಹೋದವರ ವಂಶದವರಿಗೆ ಬೆನಿನ್ ಪೌರತ್ವ ಕೊಡುವ ಕಾನೂನು ಬಂತು. ಸಿಂಹಾಸನವನ್ನೂ ಇಟ್ಟುಕೊಂಡಿದ್ದಾರೆ, ಬಾಗಿಲನ್ನೂ ಕಟ್ಟಿದ್ದಾರೆ.

ನಮ್ಮಲ್ಲಿ ಬೀಡುಗಳು ಉಂಟು, ಚಾವಡಿಗಳು ಉಂಟು, ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ ಗೊಮ್ಮಟ ಉಂಟು. ಅರಸರ ಹೆಸರು ನಮಗೆ ಗೊತ್ತು. ಇದೇ ಸೀಮೆಯಲ್ಲಿ ಬುಕಾನನ್ ಕಂಡ ಮೂಲದಾಳುಗಳ ಒಂದು ಹೆಸರು ಹೇಳಿ ಅಂದರೆ ನನ್ನ ಹತ್ತಿರ ಇಲ್ಲ. ಕೊಸೊಲಾನ ಎದುರು ಒಬ್ಬರು ಪುಸ್ತಕ ಹಿಡಿದು ಕೂತರು, ಅವನು ಉಳಿದ. ಇಲ್ಲಿ ಹಾಗೆ ಕೂತವರು ಬಹಳ ಕಡಿಮೆ.

ಹಾಗಾಗಿ ಇವತ್ತು ಒಂದು ಸಣ್ಣ ಕೆಲಸ ಕೊಡ್ತೇನೆ. ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಕೇಳಿ. ಧಣಿಗಳ ಮನೆಯವರಾದರೆ, ಗದ್ದೆಗೆ ಬರುತ್ತಿದ್ದವರ ಹೆಸರು ಕೇಳಿ. ಆಳುಗಳ ಮನೆಯವರಾದರೆ, ನಿಮ್ಮ ಹಿರಿಯರು ಯಾರ ಮನೆಗೆ, ಎಷ್ಟು ಸಾಲಕ್ಕೆ ಹೋಗ್ತಿದ್ದರು ಅಂತ ಕೇಳಿ. ಕೈಯಲ್ಲಿ ಫೋನ್ ಉಂಟಲ್ಲ, ರೆಕಾರ್ಡ್ ಬಟನ್ ಒತ್ತಿ, ಅವರ ಮಾತು ಮುಗಿಯುವ ತನಕ ಮಧ್ಯೆ ಬಾಯಿ ಹಾಕಬೇಡಿ. ಒಂದು ಹೆಸರು ಸಿಕ್ಕರೂ ಬರೆದಿಡಿ, ಊರಿನ ಹೆಸರಿನ ಜೊತೆಗೆ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗುವ.